ಕಲಕಕ್ಕನ ಚೌಕ

ಬೆಳಗಿನ ಆರು ಗಂಟೆ. ಸಂಶೋಧನಾಲಯದ ಮೂರನೆಯ ಮಹಡಿಯಲ್ಲಿ ರಾತ್ರಿಯಿಡೀ ಗುಂಯ್‌ಗುಟ್ಟಿದ ಕಂಪ್ಯೂಟರುಗಳ ಮುಂದೆ, ಸ್ವೆಟರ್ ತೊಟ್ಟ ನಡುವಯಸ್ಸಿನ ಹೆಂಗಸೊಬ್ಬರು ಕೂತಿದ್ದಾರೆ. ಪರದೆ ಬೆಳಗಿಸಲು ಕೈ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಾರೆ. ಬೇರೆಯವರ ಫಲಿತಾಂಶವಾಗಿದ್ದರೆ ಇಷ್ಟು ಹೊತ್ತಿಗೆ ನೋಡಿ ಮುಗಿಸಿರುತ್ತಿದ್ದರು. ಇವತ್ತಿನದು ಅವರದೇ.

ಇಲ್ಲಿ ಅವರನ್ನು ಎಲ್ಲರೂ ಕರೆಯುವುದು ಕಲಕಕ್ಕ ಎಂದು. ಯಾರು ಇಟ್ಟರೋ ಏನೋ, ಹೆಸರು ಅಂಟಿಕೊಂಡುಬಿಟ್ಟಿದೆ. ಜೀವಕೋಶದೊಳಗೆ ಯಾವ ಜೀನ್ ಯಾವುದಕ್ಕೆ ಅಪ್ಪಣೆ ಕೊಡುತ್ತದೆ ಎಂಬುದನ್ನು ಬಾಣ ಎಳೆದು ತೋರಿಸಿದರೆ ದೊಡ್ಡದೊಂದು ಬಲೆಯಾಗುತ್ತದೆ. ಅದರಲ್ಲಿ ಕೆಲವು ಆಕಾರಗಳು ಮತ್ತೆ ಮತ್ತೆ ಕಾಣುತ್ತವೆ: ಇಲ್ಲೊಂದು ತ್ರಿಕೋನ, ಅಲ್ಲೊಂದು ಚೌಕ. ಕಂಡ ವಿಜ್ಞಾನಿ ಹಿರಿಹಿರಿ ಹಿಗ್ಗುತ್ತಾನೆ. ಆ ಹಿಗ್ಗಿಗೆ ಕಾರಣವಿದೆಯೋ, ಅಥವಾ ಎಲ್ಲ ಬರೀ ಅಕಸ್ಮಾತ್ತೋ ಎಂದು ಅಳೆದು ಹೇಳುವುದು ಕಲಕಕ್ಕನ ಕೆಲಸ. ಅದಕ್ಕಾಗಿ ಅವರು ಬಲೆಯನ್ನು ಬೇಕೆಂದೇ ಕಲಕುತ್ತಾರೆ, ಮತ್ತೆ ಎಣಿಸುತ್ತಾರೆ.

“ಜನ ತುಂಬಿದ ಮನೆ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗುತ್ತಲ್ಲ, ಹಾಗೇ,” ಎನ್ನುತ್ತಾರೆ. “ಎಲ್ಲರ ಕಾಲಲ್ಲೂ ಎರಡೆರಡು ಇರುತ್ತೆ, ಒಂದೂ ಕಳೆದಿರಲ್ಲ. ಯಾರದ್ದು ಯಾರ ಕಾಲಿಗೆ ಹೋಯ್ತು ಅನ್ನೋದಷ್ಟೇ ಗೊಂದಲ. ನಾನೂ ಅಷ್ಟೇ, ಒಂದು ಜೀನಿಂದ ಎಷ್ಟು ಬಾಣ ಹೊರಡ್ತಿತ್ತು, ಎಷ್ಟು ಬಂದು ಸೇರ್ತಿತ್ತು, ಆ ಲೆಕ್ಕ ಮುಟ್ಟಲ್ಲ. ತುದಿಗಳನ್ನ ಮಾತ್ರ ಬದಲಾಯಿಸ್ತೀನಿ. ಹೀಗೆ ಸಾವಿರ ಬಲೆ. ಅವುಗಳಲ್ಲೂ ಆ ಆಕಾರ ಅಷ್ಟೇ ಸಲ ಸಿಕ್ಕರೆ ಅದರಲ್ಲಿ ವಿಶೇಷ ಇಲ್ಲ. ಕಲಕಿದಾಗ ಕಾಣೆಯಾದರೆ, ಜೀವಕೋಶ ಅದನ್ನ ಬೇಕು ಅಂತಲೇ ಇಟ್ಕೊಂಡಿದೆ ಅನ್ನಬಹುದು.”

ಬೇರೆಯವರ ಬರಹಗಳಿಂದ ಬಾಣಗಳನ್ನು ಹುಡುಕಿ ಬೆರಳಚ್ಚು ಮಾಡಲೆಂದು ಸೇರಿದವರು ಇವರು. ಕಲಕುವ ವಿದ್ಯೆಯನ್ನು ಪಕ್ಕದ ಮೇಜಿನವರ ತಲೆ ತಿಂದು ಕಲಿತರು. ಈ ಕೆಲಸದಿಂದ ಸಿಕ್ಕಿದ್ದು ಹೆಚ್ಚಾಗಿ ಮುನಿಸು. ನೂರು ಆಕಾರ ಬಂದರೆ ಉಳಿಯುವುದು ಐದೋ ಆರೋ. ಎರಡು ವರ್ಷ ಮುದ್ದು ಮಾಡಿದ ತ್ರಿಕೋನ ಬಿದ್ದುಹೋದಾಗ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಇವರ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು.

ಮನೆಯಲ್ಲಿರುವುದು ಅತ್ತೆ ಮತ್ತು ಬಸ್ಸು ಓಡಿಸುವ ಗಂಡ. ಸೊಸೆಯ ಕೆಲಸ ಏನೆಂದು ಅತ್ತೆಗೆ ಅರ್ಥವಾದದ್ದು ಮನೆಯದೇ ಒಂದು ತ್ರಿಕೋನದಿಂದ. “ಅತ್ತೆ ನನಗೂ ಹೇಳ್ತಾರೆ, ಇವರಿಗೂ ಹೇಳ್ತಾರೆ, ಇವರು ಬಂದು ನನಗೆ ಹೇಳ್ತಾರೆ. ಅತ್ತೆ ಒಬ್ಬರೇ ಹೇಳಿದ್ರೆ ನಾನು ಜಾಗ ಬಿಟ್ಟು ಏಳಲ್ಲ, ಅರ್ಧ ಗಂಟೇಲಿ ಅವರೇ ಮರೆತಿರ್ತಾರೆ. ಇಬ್ಬರ ಬಾಯಲ್ಲೂ ಬಂದ್ರೆ ನಿಜವಾಗ್ಲೂ ಬೇಕು ಅಂತ ಅರ್ಥ. ಜೀವಕೋಶದಲ್ಲೂ ಥೇಟ್ ಇಂಥದ್ದೇ ಒಂದು ತ್ರಿಕೋನ ಇದೆ.” ಮನೆಯಲ್ಲಿ ಹೀಗೆ ಹೇಳಿದಾಗಲೆಲ್ಲ ಅತ್ತೆ ಒಳಗಿನಿಂದ ಗದರುತ್ತಾರೆ: “ನನ್ನನ್ನೂ ಬಲೆಗೆ ಹಾಕ್ಕೊಂಡ್ಲು!” ಮನೆಯ ತ್ರಿಕೋನ ವಿಶೇಷವೋ ಅಕಸ್ಮಾತ್ತೋ ಎಂದು ಕೇಳಿದರೆ ಕಲಕಕ್ಕ ಕೈ ಆಡಿಸುತ್ತಾರೆ. “ಎಲ್ಲರ ಮನೇಲೂ ಇದೇ ಕಥೆ ಇರಬಹುದು. ಅಳೆದಿಲ್ಲ.”

ಇವತ್ತು ಅಳೆಯುತ್ತಿರುವುದು ಒಂದು ಚೌಕವನ್ನು. ಹಿಟ್ಟು ಹುದುಗಿಸುವ ಯೀಸ್ಟಿನ ಬಲೆಯಲ್ಲಿ ನಾಲ್ಕು ಜೀನ್‌ಗಳು ಸುತ್ತುಗಟ್ಟಿ, ನಡುವೆ ಒಂದು ಅಡ್ಡಬಾಣ ಹಾದ ಆಕಾರ ಕಲಕಕ್ಕನ ಕಣ್ಣಿಗೇ ಮೊದಲು ಬಿದ್ದದ್ದು. ಅದು ನಿಂತರೆ ಲೇಖನದಲ್ಲಿ ಅವರ ಹೆಸರೂ ಹಾಕುವುದಾಗಿ ಮುಖ್ಯಸ್ಥೆ ಹೇಳಿದ್ದಾರೆ. ಇಷ್ಟು ವರ್ಷದಲ್ಲಿ ಅವರ ಹೆಸರು ಒಮ್ಮೆಯೂ ಅಚ್ಚಾಗಿಲ್ಲ.

ಕೊನೆಗೆ ಪರದೆ ಬೆಳಗುತ್ತದೆ. ನಿಜವಾದ ಬಲೆಯಲ್ಲಿ ಚೌಕಗಳು ನಲವತ್ತೊಂದು. ಕಲಕಿದ ಬಲೆಗಳಲ್ಲಿ ಸರಾಸರಿ ನಲವತ್ತು.

“ಇಲ್ಲ,” ಎನ್ನುತ್ತಾರೆ ಕಲಕಕ್ಕ, ಯಾರಿಗೂ ಅಲ್ಲ. ಎರಡೂ ಅಂಕಿಗಳನ್ನು ಬರೆದುಕೊಳ್ಳುತ್ತಾ ತಾವಾಗಿಯೇ ಮಾತಾಡುತ್ತಾರೆ. “ಬಾಣಗಳ ಲೆಕ್ಕ ಕಾಯೋದನ್ನ ಬಿಟ್ಟು ಬೇಕಾಬಿಟ್ಟಿ ಕಲಕಿದ್ರೆ ಆ ಬಲೆಗಳಲ್ಲಿ ಚೌಕ ಕಮ್ಮಿಯಾಗಿ, ನನ್ನದು ಥಳಥಳ ಅನ್ನುತ್ತೆ. ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಆ ಹುಡುಗಿ ತ್ರಿಕೋನಕ್ಕೆ ಒಂದು ಅಳತೆ, ನನ್ನ ಚೌಕಕ್ಕೆ ಇನ್ನೊಂದಾ?” ಮುಖ್ಯಸ್ಥೆಗೆ ಒಂದೇ ಸಾಲು ಬರೆದು ಕಳಿಸಿ, ಫ್ಲಾಸ್ಕ್ ತೊಳೆದು ಚೀಲಕ್ಕೆ ಹಾಕುತ್ತಾರೆ.

ಮನೆ ಬಾಗಿಲಲ್ಲೇ ಅತ್ತೆ ನಿಂತಿದ್ದಾರೆ. ಸೊಸೆಯ ಮುಖ ನೋಡಿ ಕೈಯಿಂದ ಚೀಲ ತೆಗೆದುಕೊಳ್ಳುತ್ತಾರೆ. “ಹೋಗಿ ಮಲಗು. ಇವತ್ತು ಅಡುಗೆಮನೆ ಕಡೆ ತಲೆ ಹಾಕಬೇಡ.” ಎಂದಿನಂತೆ ಕಲಕಕ್ಕ ಕೇಳಿಸದವರ ಹಾಗೆ ನಿಲ್ಲುತ್ತಾರೆ. ಅತ್ತೆ ಒಳಗೆ ಹೋಗಿ ಮಗನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾರೆ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಗಂಡ ಹೊರಗೆ ಬರುತ್ತಾರೆ.

“ಅಮ್ಮ ನೀನು ಮಲಗ್ಬೇಕು ಅಂತಿದ್ದಾಳೆ. ನಾನೂ ಅದನ್ನೇ ಹೇಳ್ತಿದ್ದೀನಿ.”

ಬೆಳಗಿನಿಂದ ಮೊದಲ ಬಾರಿಗೆ ಕಲಕಕ್ಕ ನಗುತ್ತಾರೆ. “ಇಬ್ಬರೂ ಹೇಳಾಯ್ತಲ್ಲ, ಇನ್ನು ಕೇಳದೆ ವಿಧಿಯಿಲ್ಲ,” ಎಂದು ಚಪ್ಪಲಿ ಬಿಡುತ್ತಾರೆ. ಒಳಗೆ ಹೋಗುವ ಮುನ್ನ ತಿರುಗಿ ದನಿ ತಗ್ಗಿಸುತ್ತಾರೆ, ಅತ್ತೆಗೆ ಕೇಳಿಸಬಾರದಲ್ಲ.

“ಚೌಕ ಹೋದ್ರೆ ಹೋಗ್ಲಿ ಬಿಡಿ. ಈ ತ್ರಿಕೋನ ಮಾತ್ರ, ಸಾವಿರ ಮನೆ ಕಲಕಿದ್ರೂ ಸಿಗಲ್ಲ.”