ಬೀಗದಕ್ಕ ಬರೆದ ಸಾಲು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎನ್ನುತ್ತಿದ್ದರು. ಆಸ್ಪತ್ರೆಗಳ ಎಕ್ಸ್-ರೇ ಚಿತ್ರಗಳನ್ನು ಇಡುವ ಡಿಸ್ಕುಗಳಿಗೆ ತಂತ್ರಾಂಶ ಬರೆಯುವುದು ಆ ಕಚೇರಿಯ ಕೆಲಸ. ಒಂದೇ ಡಿಸ್ಕಿನ ಮೇಲೆ ಎರಡು ಕಂಪ್ಯೂಟರ್ ಒಟ್ಟಿಗೆ ಬರೆಯದಂತೆ ತಡೆಯುವ ಬೀಗ, ಕೆಟ್ಟ ಡಿಸ್ಕನ್ನು ಸರಿಪಡಿಸುವ ರಿಪೇರಿ ಪ್ರೋಗ್ರಾಂ, ಎರಡೂ ಹನ್ನೊಂದು ವರ್ಷಗಳಿಂದ ಅವಳ ಪಾಲು. ಬೇರೆ ಯಾರೂ ಮೂಸಿಯೂ ನೋಡದ ಕೆಲಸ. ತನ್ನ ಬೀಗ ಒಂದು ದಿನವೂ ಕೈಕೊಟ್ಟಿಲ್ಲವೆಂದು ಗಂಡನೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಗಂಡ ದರ್ಜಿ, ಹೊಲಿಗೆ ನಿಲ್ಲಿಸದೆ ಹೂಂಗುಟ್ಟುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯೊಂದರಿಂದ ಫೋನ್ ಬಂತು. ಅಲ್ಲಿ ಬಸ್ ಡ್ರೈವರ್ ಒಬ್ಬನ ಎದೆಯ ಚಿತ್ರದಲ್ಲಿ ಗಡ್ಡೆ ಕಂಡಿತ್ತು. ಹತ್ತೊಂಬತ್ತು ದಿನ ಬಿಟ್ಟು ಮತ್ತೆ ತೆಗೆದರೆ ಗಡ್ಡೆಯೇ ಇಲ್ಲ. ಬದಲಿಗೆ, ಹೆಗಲ ಮೂಳೆ ಎಂದೋ ಮುರಿದು ಕೂಡಿಕೊಂಡ ಗುರುತು.

"ಗಡ್ಡೆ ಬೇಕಾದ್ರೆ ಕರಗಿತು ಅನ್ನೋಣ ಮೇಡಂ. ಚಿಕ್ಕಂದಿನಲ್ಲಿ ಮುರಿದ ಮೂಳೆ ಹಳೇ ಚಿತ್ರದಲ್ಲಿ ಯಾಕಿಲ್ಲ? ಆ ಚಿತ್ರ ಇವರದ್ದಲ್ಲ," ಎಂದ ಎಕ್ಸ್-ರೇ ತೆಗೆಯುವಾತ.

ಇವನದಲ್ಲವಾದರೆ ಯಾರದು?

ಡಿಸ್ಕಿನ ಪ್ರತಿ ತರಿಸಿಕೊಂಡು ಬೈಟ್ ಬೈಟಾಗಿ ನೋಡಿದಳು. ಅವಳ ಬೀಗವೆಂದರೆ ನಾಲ್ಕು ಬೈಟಿನ ಒಂದು ಸಂಖ್ಯೆ, ಅಷ್ಟೆ. ಯಾರೂ ಬರೆಯುತ್ತಿಲ್ಲವಾದರೆ ಸೊನ್ನೆ. ಒಂದನೆಯ ಕಂಪ್ಯೂಟರ್ ಬರೆಯುತ್ತಿದ್ದರೆ ಒಂದು, ಎರಡನೆಯದಾದರೆ ಎರಡು. ಆ ಹಳೆಯ ಕಂಪ್ಯೂಟರ್ ಸಂಖ್ಯೆಯನ್ನು ದೊಡ್ಡ ತುದಿಯಿಂದ, ಅಂದರೆ ದೊಡ್ಡ ಬೆಲೆಯ ಬೈಟನ್ನು ಮೊದಲಿಟ್ಟು ಬರೆಯುತ್ತಿತ್ತು. ಕಳೆದ ತಿಂಗಳು ತಂದ ಹೊಸದು ಚಿಕ್ಕ ತುದಿಯಿಂದ, ಅದೇ ಬೈಟುಗಳನ್ನು ತಿರುವುಮುರುವಾಗಿ ಓದುತ್ತಿತ್ತು. ಹಳೆಯದು ಬರೆದ ಒಂದು, ಹೊಸದರ ಕಣ್ಣಿಗೆ ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆಯಾಗಿ ಕಂಡಿತ್ತು. ಅಷ್ಟನೆಯ ಕಂಪ್ಯೂಟರ್ ಎಲ್ಲಿಂದ ಬರಬೇಕು? ಹೊಸದರಲ್ಲಿದ್ದ ರಿಪೇರಿ ಪ್ರೋಗ್ರಾಂ ಅದನ್ನು ಕಸವೆಂದು ಬಗೆದು ಸೊನ್ನೆ ಮಾಡಿ, ಬೀಗ ತೆಗೆದುಬಿಟ್ಟಿತ್ತು. ಎರಡು ಕಂಪ್ಯೂಟರೂ ರೋಗಿಗಳ ಒಂದೇ ಪಟ್ಟಿಯ ಮೇಲೆ ಒಟ್ಟಿಗೆ ಬರೆದು, ಯಾರ ಚಿತ್ರ ಯಾರದೆಂಬುದೇ ಅದಲುಬದಲಾಗಿತ್ತು.

ಪ್ರೋಗ್ರಾಂನ ಆ ಕಸ ಗುಡಿಸುವ ಸಾಲು ತನಗಿಂತ ಹಿಂದಿನವರದಿರಬಹುದೆಂದು ಹುಡುಕಿದಳು. ಪಕ್ಕದಲ್ಲಿ ಅವಳದೇ ಹೆಸರು. ಹನ್ನೊಂದು ವರ್ಷದ ಹಿಂದಿನ ತಾರೀಖು.

ಎದ್ದು ಮ್ಯಾನೇಜರ್ ಕೋಣೆಗೆ ಹೋದಳು. ಆತ, ಮೊದಲು ಸದ್ದಿಲ್ಲದೆ ತಿದ್ದಿಬಿಡಿ, ಯಂತ್ರ ಬದಲಾಯಿಸಿದ್ದರಿಂದ ಆದ ತೊಂದರೆ ಅಂತ ಬರೆಯೋಣ ಎಂದ.

"ಗಡ್ಡೆ ಇರೋರು ಇನ್ನೊಬ್ಬರಿದ್ದಾರೆ ಸರ್. ಏನೂ ಇಲ್ಲ ಅಂತ ಅವರನ್ನ ಮನೆಗೆ ಕಳಿಸಿದ್ದಾರೆ. ಮೊದಲು ಅವರು ಸಿಗಬೇಕು. ಸಾಲು ಬರೆದದ್ದು ನಾನು, ಹಾಗೇ ಬರೀರಿ."

ಮ್ಯಾನೇಜರ್ ಆಸ್ಪತ್ರೆಗೆ ಫೋನ್ ಮಾಡಿದ. ಸಂಜೆಯೊಳಗೆ ಸಿಕ್ಕರು: ಒಬ್ಬ ಶಾಲಾ ಶಿಕ್ಷಕಿ. ಕರೆ ಹೋದಾಗ ತರಗತಿಯಲ್ಲಿದ್ದರಂತೆ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಗಂಡ ಹೊಲಿಗೆ ನಿಲ್ಲಿಸಿದ. "ಅಂದ್ರೆ ಅಳತೆ ಟೇಪನ್ನ ತಿರುಗುಮುರುಗಾಗಿ ಹಿಡಿದೆಯಾ?" ಎಂದು ಕೇಳಿದ.

"ಇಲ್ಲ. ಹಾಗೆ ಹಿಡಿಯೋರು ಬರಬಹುದು ಅಂತ ಯೋಚನೇನೇ ಮಾಡಿರಲಿಲ್ಲ."

ಆ ವಾರವಿಡೀ ಅವಳಿಗೆ ಅದೇ ಕೆಲಸ. ಬೀಗವನ್ನು ಓದುವ, ಬರೆಯುವ ಕಡೆಯಲ್ಲೆಲ್ಲ ಬೈಟುಗಳ ಕ್ರಮ ಒಂದೇ ಆಗುವಂತೆ ತಿದ್ದಿದಳು. ನಾಲ್ಕು ಜಾಗ ಮುಗಿಯಿತೆಂದು ಪರೀಕ್ಷೆಗಿಟ್ಟರೆ ಐದನೆಯದೊಂದು ಅಡಗಿ ಕೂತಿತ್ತು. ಅದನ್ನೂ ತಿದ್ದಿದಳು. ವಿಚಿತ್ರ ಸಂಖ್ಯೆ ಕಂಡರೆ ಇನ್ನು ಅಳಿಸುವಂತಿಲ್ಲ, ನಿಂತು ಮನುಷ್ಯರನ್ನು ಕೇಳಬೇಕು ಎಂದೂ ಸೇರಿಸಿದಳು. ಆಸ್ಪತ್ರೆಯವರು ಆ ತಿಂಗಳ ಚಿತ್ರಗಳನ್ನೆಲ್ಲ ಮತ್ತೆ ನೋಡಿದರು. ಬೇರೆ ಯಾರಿಗೂ ಅಪಾಯವಾಗಿರಲಿಲ್ಲ.

ಮರುವಾರ ಡ್ರೈವರ್ ತಾನಾಗಿಯೇ ಕಚೇರಿಗೆ ಬಂದ. ಆ ಹತ್ತೊಂಬತ್ತು ದಿನಗಳಲ್ಲಿ ಕೆಲಸ ಬಿಟ್ಟು, ಮಗಳನ್ನು ತಮ್ಮನ ಕೈಗೆ ಒಪ್ಪಿಸುವ ಮಾತೂ ಆಡಿದ್ದನಂತೆ. ಬೈಗುಳಕ್ಕೆ ಸಿದ್ಧಳಾಗಿಯೇ ಅವನೆದುರು ನಿಂತು, ತಪ್ಪು ತನ್ನದೆಂದಳು. ಅವನು ಬೈಯಲಿಲ್ಲ.

"ನನಗಿಲ್ಲ ಅಂದಮೇಲೆ ಅದು ಯಾರಿಗಿದೆ?" ಎಂದ.

ಹೆಸರು ಹೇಳುವಂತಿರಲಿಲ್ಲ. ಅವರು ಸಿಕ್ಕಿದ್ದಾರೆ, ಗುರುವಾರ ಆಪರೇಷನ್ ಆಯಿತು, ಇನ್ನೂ ಕೈಮೀರಿಲ್ಲ ಅಂದಿದ್ದಾರೆ ಡಾಕ್ಟರು ಎಂದಷ್ಟೇ ಹೇಳಿದಳು.

ಅವನು ಕುರ್ಚಿಯಲ್ಲಿ ಕೂತ. ಒಂದು ಲೋಟ ನೀರು ಕೇಳಿದ. ಅವಳು ತಂದುಕೊಟ್ಟದ್ದನ್ನು ಕುಡಿದು ಲೋಟ ಕೆಳಗಿಟ್ಟು, ಮಗಳನ್ನು ಶಾಲೆಯಿಂದ ಕರೆತರಬೇಕು ಎಂದು ಎದ್ದ.