ಮೂರೂ ಮುಕ್ಕಾಲು ಸುತ್ತಿನ ಕಾಲು

ಕಳೆದ ವರ್ಷ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹದಿನೇಳರ ಹುಡುಗಿಯೊಬ್ಬಳು ನನ್ನನ್ನು ಹಿಂದೆ ಹಾಕಿದಳು. ಹಾಕಲಿ, ಅದಕ್ಕೇನಿಲ್ಲ. ಆದರೆ ದಾಟುವಾಗ ತಿರುಗಿ ‘ಸಾರಿ ಆಂಟಿ’ ಅಂದಳು. ಆ ವಿನಯಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಮ್ಯಾರಥಾನ್ ಓಡುತ್ತೇನೆ ಎಂದು ಘೋಷಿಸಿದೆ. ನನಗಾಗ ನಲವತ್ತೊಂದು. ಗಂಡ ಮೊಬೈಲಿನಿಂದ ತಲೆ ಎತ್ತದೆ ಒಳ್ಳೇದು ಅಂದ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕ್ರೀಡಾ ಕೋಟಾದಲ್ಲಿ ಸಿಕ್ಕ ಸರ್ಕಾರಿ ಕೆಲಸ. ಮೇಜಿನ ಕೆಳಗೆ ಕಾಲು ಕುಣಿಸುತ್ತಲೇ ಇರುತ್ತೇನೆ, ಪಕ್ಕದ ಸೀಟಿನವರು ಬೈಯುತ್ತಲೇ ಇರುತ್ತಾರೆ. ಸಾವಿರದೈನೂರು ಮೀಟರ್ ನನ್ನ ಓಟ. ಒಂದು ಕಾಲದಲ್ಲಿ ರಾಷ್ಟ್ರಮಟ್ಟದ ಕೂಟಗಳ ಫೈನಲ್‌ನಲ್ಲಿ ನಿಂತವಳು. ಟ್ರ್ಯಾಕಿನಲ್ಲಿ ಅದು ಮೂರೂ ಮುಕ್ಕಾಲು ಸುತ್ತು, ನಾಲ್ಕೂವರೆ ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಮ್ಯಾರಥಾನ್ ಎಂದರೆ ನಲವತ್ತೆರಡು ಕಿಲೋಮೀಟರು. ಅಷ್ಟು ಹೊತ್ತು ಒಂದೇ ಕೆಲಸವನ್ನು ನಾನು ನಿದ್ದೆಯಲ್ಲಿ ಕೂಡ ಮಾಡಿದವಳಲ್ಲ.

ಮೊದಲು ಹೋದದ್ದು ಬೆನ್ಸನ್ ಟೌನಿಗೆ, ಸರ್ ಮನೆಗೆ. ನನ್ನನ್ನು ಹದಿನಾಲ್ಕನೆಯ ವಯಸ್ಸಿನಿಂದ ಓಡಿಸಿದ ಕೋಚ್ ಅವರು. ನನ್ನ ನಂತರ ಅವರು ಯಾರನ್ನೂ ತಯಾರು ಮಾಡಲಿಲ್ಲ. ಕೇಳಿದರೆ ಮಂಡಿ ನೋವು ಅನ್ನುತ್ತಿದ್ದರು. ಮ್ಯಾರಥಾನಿಗೆ ವಾರವಾರದ ಅಭ್ಯಾಸ ಬರೆದುಕೊಡಿ ಎಂದು ಕೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ನಿನ್ನ ಕಾಲು ಮೂರೂ ಮುಕ್ಕಾಲು ಸುತ್ತಿಗೆ ಹುಟ್ಟಿದ್ದು, ಅದಕ್ಕೆ ಈ ವಯಸ್ಸಿನಲ್ಲಿ ಬೇರೆ ಪಾಠ ಹತ್ತುವುದಿಲ್ಲ ಅಂದರು. ನಾನು ಬಿಡಲಿಲ್ಲ. ಕೊನೆಗೆ, “ಬೇಡಮ್ಮಾ. ನಿನ್ನ ಕಾಲಿನ ಜವಾಬ್ದಾರಿ ಇನ್ನು ನಾನು ತಗೊಳ್ಳಲ್ಲ” ಅಂದುಬಿಟ್ಟರು.

ಇವಳ ಕೈಲಾಗುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳಿದರು ಅಂದುಕೊಂಡೆ. ಅವಮಾನವಾಯಿತು. ಗೇಟು ದಾಟುವ ಮೊದಲೇ ಲೆಕ್ಕ ಹಾಕಿಯಾಗಿತ್ತು. ಮೂರು ಗಂಟೆಯೊಳಗೆ ಓಡಿ ಮುಗಿಸಬೇಕು, ಆ ಸಮಯವನ್ನು ತಂದು ಇವರ ಮುಂದೆ ಇಡಬೇಕು. ಆಗದಿದ್ದರೆ ಬೂಟು ಯಾರಿಗಾದರೂ ಕೊಟ್ಟು ಸುಮ್ಮನಾಗಬೇಕು.

ದಿನಾ ಬೆಳಗ್ಗೆ ಕೆ.ಆರ್. ಪುರದಿಂದ ಸ್ಕೂಟರಿನಲ್ಲಿ ಹಲಸೂರು ಕೆರೆಯ ಹತ್ತಿರ ಬರುತ್ತಿದ್ದೆ. ಅಲ್ಲಿ ಓಡುವವರ ಒಂದು ಗುಂಪಿತ್ತು. ಅದರಲ್ಲಿ ಧಾರವಾಡ ಕಡೆಯ ಒಬ್ಬರು, ಐಟಿ ಕಂಪನಿಯ ಕೆಲಸದವರು, ನನಗೆ ಗಂಟುಬಿದ್ದರು. ಶಾಲೆಯಲ್ಲಿ ಒಂದು ಓಟವನ್ನೂ ಗೆಲ್ಲದ ಈ ಮನುಷ್ಯ ಮೂವತ್ತಾರಕ್ಕೆ ಓಡಲು ಶುರುಮಾಡಿ ಎಂಟು ಮ್ಯಾರಥಾನ್ ಮುಗಿಸಿದ್ದರು. ಮೂರೂವರೆ ಗಂಟೆ ಅವರ ಲೆಕ್ಕ, ಅದಕ್ಕಿಂತ ಬೇಗವೂ ಇಲ್ಲ, ತಡವೂ ಇಲ್ಲ. ಅಂಥವರಿಂದ ನಾನು ನಿಧಾನವಾಗಿ ಓಡುವುದನ್ನು ಕಲಿಯಬೇಕಿತ್ತು.

ಕಲಿಯುವುದು ಹೇಗೆ? ಕುಕ್ ಟೌನಿನ ಖಾಲಿ ರಸ್ತೆಗಳಲ್ಲಿ ಹೆಜ್ಜೆಗೆ ಹೆಜ್ಜೆ ಸೇರಿಸಿ ಮಾತಾಡುತ್ತಾ ಓಡಿ ಎಂದರೆ ನನಗೆ ಜೀವ ಹಿಂಡಿದಂತಾಗುತ್ತಿತ್ತು. ಮುಂದೆ ಯಾರದಾದರೂ ಬೆನ್ನು ಕಂಡರೆ ಸಾಕು, ಕಾಲು ಅತ್ತ ಹೊರಡುತ್ತಿತ್ತು. ಮರ್ಫಿ ಟೌನಿನ ತಿರುವಿನಲ್ಲಿ ಒಮ್ಮೆ ಹಾಲಿನ ಸೈಕಲ್ಲಿನವನ ಜೊತೆಯೂ ಪೈಪೋಟಿಗೆ ಬಿದ್ದೆ. ಧಾರವಾಡದವರು ಹಿಂದಿನಿಂದ, ಓಡಲು ಬಂದಿದ್ದೀರೋ ಜಗಳಕ್ಕೆ ಬಂದಿದ್ದೀರೋ ಎಂದು ಕೇಳುತ್ತಿದ್ದರು. ಆದರೂ ಆರು ತಿಂಗಳಲ್ಲಿ ಸ್ವಲ್ಪ ಪಳಗಿದೆ. ಮೂವತ್ತೆರಡು ಕಿಲೋಮೀಟರನ್ನು ಎರಡು ಸಲ, ಮೂರು ಗಂಟೆಯ ಮ್ಯಾರಥಾನಿಗೆ ಬೇಕಾದ ವೇಗದಲ್ಲೇ ಓಡಿ ಮುಗಿಸಿದ್ದೆ. ಸಾಧ್ಯ ಅನ್ನಿಸಿತ್ತು. ಹಾಗನ್ನಿಸಿದ ಮೇಲೆ ರಾತ್ರಿ ನಿದ್ದೆ ಬರುವುದೇ ನಿಂತಿತು.

ಓಟದ ದಿನ ಹಲಸೂರು, ಇಂದಿರಾನಗರ ಬಳಸಿ ಅದೇ ದಾರಿಯನ್ನು ಎರಡು ಬಾರಿ ಸುತ್ತಬೇಕಿತ್ತು. ಇಪ್ಪತ್ತೆಂಟನೆಯ ಕಿಲೋಮೀಟರಿನವರೆಗೆ ನಾನು ಇಷ್ಟು ಜಾಣೆಯೇ ಎಂದು ನನಗೇ ಆಶ್ಚರ್ಯ. ನೀರು ಕುಡಿಯಬೇಕಾದ ಕಡೆ ಕುಡಿದೆ, ಮುಂದಿನ ಬೆನ್ನುಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಬೇಕಾದ ಸಮಯಕ್ಕಿಂತ ಅರ್ಧ ನಿಮಿಷ ಮುಂದಿದ್ದೆ.

ಹಲಸೂರಿನ ಒಂದು ಮನೆಯ ಗೇಟಿನಲ್ಲಿ ನೈಟಿಯ ಮೇಲೆ ಟವೆಲ್ ಹೊದ್ದ ಅಜ್ಜಿಯೊಬ್ಬರು ನಿಂತಿದ್ದರು. ಓಡುವವರನ್ನು ಹುರಿದುಂಬಿಸಲು ಬೇರೆಯವರು ಚಪ್ಪಾಳೆ ತಟ್ಟುತ್ತಿದ್ದರೆ, ಈ ತಾಯಿ ದೇವರ ಮನೆಯಿಂದ ಪೂಜೆಯ ಗಂಟೆಯನ್ನೇ ತಂದಿದ್ದರು. ನಾನು ಎದುರಿಗೆ ಬಂದಾಗ ಸರಿಯಾಗಿ ಬಾರಿಸಿದರು.

ಟ್ರ್ಯಾಕಿನ ಓಟದಲ್ಲಿ ಕೊನೆಯ ಸುತ್ತಿಗೆ ಗಂಟೆ ಹೊಡೆಯುತ್ತಾರೆ. ಗಂಟೆ ಕೇಳಿತೆಂದರೆ ಉಳಿದ ಶಕ್ತಿಯನ್ನೆಲ್ಲ ಸುರಿದು ಓಡಬೇಕು. ಇಪ್ಪತ್ತೈದು ವರ್ಷದಿಂದ ಈ ಕಾಲುಗಳಿಗೆ ಗೊತ್ತಿದ್ದದ್ದು ಅದೊಂದೇ. ನನ್ನನ್ನು ಕೇಳದೆ ಹೊರಟೇಬಿಟ್ಟವು. ಹತ್ತು ಹನ್ನೆರಡು ಜನರನ್ನು ದಾಟಿದ ಮೇಲೆ ಬುದ್ಧಿ ಬಂತು. ಆಗಲಾದರೂ ನಿಧಾನಿಸಬಹುದಿತ್ತು. ಆದರೆ ದಾಟಿದವರ ಕಣ್ಣೆದುರೇ ಹೇಗೆ ನಿಧಾನಿಸುವುದು? ಮಾನ ಕಾಪಾಡಿಕೊಳ್ಳಲು ಇನ್ನೂ ಎರಡು ಕಿಲೋಮೀಟರು ಹಾಗೇ ಓಡಿದೆ.

ಮೂವತ್ತಮೂರಕ್ಕೆ ಮೀನಖಂಡ ಹಿಡಿದುಕೊಂಡಿತು. ಮೂವತ್ತೈದಕ್ಕೆ ತೊಡೆ ಕಲ್ಲಾಯಿತು. ನಾನು ಹಿಂದೆ ಹಾಕಿದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿಹೋದರು. ಮೂರು ಗಂಟೆಯ ಗುರಿ ಕೈತಪ್ಪಿತು ಎಂದು ಖಚಿತವಾಯಿತು. ಆ ಕ್ಷಣವೇ ನನ್ನ ಎಡಗಾಲು ರಸ್ತೆ ಬಿಟ್ಟು ಫುಟ್‌ಪಾತಿನ ಮೇಲೆ ಹತ್ತಿತು.

ಇದು ನೋವಿನಿಂದ ಆದದ್ದಲ್ಲ. ಇದೂ ಹಳೆಯ ಪಾಠವೇ, ಆದರೆ ಸರ್ ಕಲಿಸಿದ್ದಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಬದುಕಿನ ದೊಡ್ಡ ಫೈನಲ್. ಮುನ್ನೂರು ಮೀಟರ್ ಉಳಿದಿದ್ದಾಗ ನಾನು ನಾಲ್ಕನೆಯವಳು. ಮುಂದಿನ ಮೂವರೂ ಸಿಕ್ಕುವುದಿಲ್ಲ ಎಂದು ಅರ್ಥವಾಯಿತು. ಎಡಕ್ಕೆ ಕಾಲಿಟ್ಟು ಒಳಗಿನ ಹುಲ್ಲಿಗೆ ಇಳಿದೆ, ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದೆ. ತೊಡೆಗೆ ಏನೂ ಆಗಿರಲಿಲ್ಲ. ಸೋತವಳು ಅನ್ನಿಸಿಕೊಳ್ಳುವುದಕ್ಕಿಂತ ಗಾಯವಾದವಳು ಅನ್ನಿಸಿಕೊಳ್ಳುವುದು ಮೇಲು ಅನ್ನಿಸಿತ್ತು. ಸರ್ ಐಸ್ ಹಿಡಿದು ಓಡಿಬಂದರು. ಹದಿನೈದು ದಿನ ಕುಂಟಿದೆ. ಆ ಹದಿನೈದು ದಿನವೂ ಅವರು ಎಣ್ಣೆ ತಂದು ಕೊಟ್ಟು ಹೋಗುತ್ತಿದ್ದರು. ಆಮೇಲೆ ದೊಡ್ಡ ಕೂಟಗಳಲ್ಲಿ ನಾನು ಓಡಲೇ ಇಲ್ಲ.

ಫುಟ್‌ಪಾತಿನ ಮೇಲೆ ಕೂತು ಇದನ್ನೆಲ್ಲ ಯೋಚಿಸುತ್ತಾ ಕಾಲು ಗಂಟೆ ಕಳೆದೆ. ನಾಚಿಕೆಯಾಗುತ್ತಿತ್ತು. ಯಾರೂ ಐಸ್ ತರಲಿಲ್ಲ. ಆಮೇಲೆ ಧಾರವಾಡದವರು ಬಂದರು, ತಮ್ಮ ಮೂರೂವರೆ ಗಂಟೆಯ ಲೆಕ್ಕದಲ್ಲಿ. ಪೂರ್ತಿ ನಿಲ್ಲಲಿಲ್ಲ, ನಿಂತಲ್ಲೇ ಕಾಲಾಡಿಸುತ್ತಾ ನೋಡಿದರು.

“ಇಲ್ಲಿ ಕುಂತ್ರ ಯಾವ ಬಸ್ಸೂ ಬರೂದಿಲ್ರೀ ಅಕ್ಕಾರ. ರಸ್ತೆ ಬಂದ್ ಮಾಡ್ಯಾರ. ಎದ್ದು ನಡೀರಿ.”

ಅಷ್ಟು ಹೇಳಿ ಹೊರಟೇಹೋದರು. ನಗು ಬಂತು, ಅದರ ಹಿಂದೆಯೇ ಅಳು. ಎದ್ದೆ. ಓಟದ ನಡುವೆ ನಡೆಯುವುದನ್ನು ನಾನು ಬದುಕಿನಲ್ಲಿ ಮೊದಲ ಸಲ ಮಾಡಿದೆ. ಸ್ವಲ್ಪ ಓಡಿದೆ, ಬಹಳ ನಡೆದೆ. ಕೊನೆಯ ಗೆರೆ ದಾಟಿದಾಗ ಮೂರು ಗಂಟೆ ಐವತ್ತೆಂಟು ನಿಮಿಷ ಆಗಿತ್ತು.

ಮನೆಗೆ ಹೋಗದೆ ಆಟೋ ಹಿಡಿದು ನೇರ ಬೆನ್ಸನ್ ಟೌನಿಗೆ ಹೋದೆ. ಸರ್ ವರಾಂಡದಲ್ಲಿದ್ದರು. ಎರಡೂ ಕೈ ಊರಿಕೊಂಡು ಕುರ್ಚಿಯಲ್ಲಿ ಕೂತೆ. ಸಮಯ ಕೇಳಿದರು, ಹೇಳಿದೆ. ಮೊದಲನೆಯದಕ್ಕೆ ಪರವಾಗಿಲ್ಲ ಅಂದರು. ಕಾಲಿಗೆ ಪೆಟ್ಟಾಗಿಲ್ಲ ತಾನೇ ಎಂದು ಎರಡು ಸಲ ಕೇಳಿದರು.

ಆಗಿಲ್ಲ, ಆವತ್ತೂ ಆಗಿರಲಿಲ್ಲ ಅಂದೆ. ಹುಲ್ಲಿಗೆ ಇಳಿದದ್ದು, ತೊಡೆ ಹಿಡಿದದ್ದು, ಹದಿನೈದು ದಿನ ಕುಂಟಿದ್ದು ಎಲ್ಲವನ್ನೂ ತಡೆಯದೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದರೆ ಹಗುರಾಗಬಹುದು ಎಂಬ ಆಸೆಯೂ ಇತ್ತು.

ಅವರು ನನ್ನ ಕಾಲನ್ನೇ ನೋಡುತ್ತಾ ಕೂತಿದ್ದರು.

“ಫೈನಲ್ ಮುಂಚಿನ ವಾರ ನಿನ್ನ ಜಾಸ್ತಿ ಓಡಿಸ್ಬಿಟ್ಟೆ ಅಂದ್ಕೊಂಡಿದ್ದೆ ಮಾ, ಇಷ್ಟು ವರ್ಷ” ಅಂದರು. “ಒಂದು ಹುಡುಗಿ ಕಾಲು ಹಾಳು ಮಾಡ್ದೆ ಅಂತ. ಅದಕ್ಕೇ ಆಮೇಲೆ ಯಾರಿಗೂ ಹೇಳ್ಕೊಡ್ಲಿಲ್ಲ.”

ಎದ್ದು ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕಾಲು ಏಳಲಿಲ್ಲ. ಅವರೆದುರೇ ಕೂತಿದ್ದೆ.