ಬಣ್ಣದಕ್ಕನ ಎಡಗೆನ್ನೆ

ದಾರದ ಗಿರಣಿಯವರು ವರ್ಷಕ್ಕೊಮ್ಮೆ ಹೊರಡಿಸುವ ಬಣ್ಣದ ಪಟ್ಟಿಯಲ್ಲಿ ನೂರ ನಲವತ್ತು ಚೌಕಗಳಿರುತ್ತವೆ. ಒಂದೊಂದು ಚೌಕವೂ ಒಂದೊಂದು ದಾರದ ಬಣ್ಣ. ದರ್ಜಿಗಳು ಅದರ ಮೇಲೆ ಬಟ್ಟೆಯಿಟ್ಟು ನೋಡಿ, ಚೌಕದ ಸಂಖ್ಯೆ ಹೇಳಿ ದಾರ ತರಿಸಿಕೊಳ್ಳುತ್ತಾರೆ. ಆ ಚೌಕಗಳನ್ನು ದಾರಕ್ಕೆ ಒಪ್ಪುವಂತೆ ಇಪ್ಪತ್ತೆರಡು ವರ್ಷಗಳಿಂದ ತಿದ್ದುತ್ತಿದ್ದವಳು ಅಚ್ಚುಕೂಟದ ಬಣ್ಣದಕ್ಕ. ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅಚ್ಚುಕೂಟದಲ್ಲಿ ಅದು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಅವಳು ಕೂರುತ್ತಿದ್ದುದು ಮೇಲ್ಮಹಡಿಯಲ್ಲಿ. ಎದುರಿಗೆ ದೊಡ್ಡದೊಂದು ಕಂಪ್ಯೂಟರ್ ಪರದೆ, ಎಡಕ್ಕೆ ಆಳೆತ್ತರದ ಗಾಜಿನ ಕಿಟಕಿ. ದಾರದ ಉಂಡೆಯನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡುವಳು. ಒಮ್ಮೆ ಅದನ್ನು, ಒಮ್ಮೆ ಪರದೆಯನ್ನು ನೋಡುವಳು. ಎರಡೂ ಒಂದೇ ಎನ್ನಿಸುವವರೆಗೆ ಜಪ್ಪಯ್ಯ ಅಂದರೂ ಜಾಗ ಬಿಟ್ಟು ಏಳುವಳಲ್ಲ. ಪರದೆಯ ಅಂಚಿಗೆ ಅವಳೇ ಬರೆದು ಅಂಟಿಸಿದ್ದ ಚೀಟಿಯೊಂದಿತ್ತು: 'ಈ ಪರದೆಯ ಬೆಳಕನ್ನು ಏರಿಳಿಸಿದವರ ಕೈ ಸೇದಿಹೋಗಲಿ.'

ಕೆಳಮಹಡಿಯಲ್ಲಿ ಮುದ್ರಣಯಂತ್ರ ನಡೆಸುತ್ತಿದ್ದವನು ಮೆಷಿನ್ ಮಾಮ. ಅರವತ್ತರ ಹತ್ತಿರದ ಆಳು, ಬೆರಳ ಸಂದಿಯ ಶಾಯಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅಕ್ಕ ಮೇಲಿನಿಂದ "ಆಯ್ತು ಮಾಮ" ಎಂದರೆ ಸಾಕು, ಅವನು ಯಂತ್ರ ಓಡಿಸುವನು. ಮೊದಲಾದರೆ ಮೊದಲ ಹಾಳೆಯನ್ನು ಮೇಲಕ್ಕೆ ತಂದು, ದಾರದ ಪಕ್ಕ ಹಿಡಿದು ನೋಡುವ ರೂಢಿಯಿತ್ತು. ವರ್ಷಗಳು ಕಳೆದಂತೆ ಅದು ತಾನಾಗಿಯೇ ನಿಂತುಹೋಯಿತು. "ಅವಳು ನೋಡಿದ್ಮೇಲೆ ನಾನೇನು ನೋಡೋದು" ಎನ್ನುವನು ಮಾಮ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಾದರೂ ಕೆನ್ನೆಯ ಬಂಗಿನ ಕಲೆಗೆ ಬೇಕು. ಪರದೆಯ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಅಕ್ಕ, ತನ್ನ ಎಡಗೆನ್ನೆಯ ಮೇಲೆ ಕಂದು ಮಚ್ಚೆಯೊಂದು ಅರ್ಧ ಅಂಗೈಯಷ್ಟು ಹರಡಿದ್ದನ್ನು ನಲವತ್ತಾರನೆಯ ವಯಸ್ಸಿನವರೆಗೂ ಗಮನಿಸಿರಲಿಲ್ಲ. ತೋರಿಸಿಕೊಟ್ಟವಳು ಕಾಲೇಜಿಗೆ ಹೋಗುವ ಮಗಳು.

"ಅಮ್ಮ, ಇದು ಪರದೆಯಿಂದಾನೇ. ನೀಲಿ ಬೆಳಕು ಅಂತ ಇದೆ, ಅದು ಚರ್ಮಾನ ಕಪ್ಪು ಮಾಡುತ್ತಂತೆ. ಫೋನಲ್ಲಿ ಎಷ್ಟೊಂದು ಜನ ಹೇಳ್ತಿದ್ದಾರೆ, ನೋಡು."

"ಆ ಜನ ಎಲ್ಲಾ ಎಲ್ಲಿ ಕೂತು ಹೇಳ್ತಿದ್ದಾರೆ? ಪರದೆಯೊಳಗೇ ತಾನೇ?" ಎಂದರು ಕಾಳು ಆರಿಸುತ್ತಿದ್ದ ಅತ್ತೆ. "ಅವರ ಮುಖ ಮಾತ್ರ ಬೆಣ್ಣೆ ಬಳಿದ ಹಾಗಿದೆ."

ನಗು ಬಂದರೂ ಅಕ್ಕನ ಎದೆಯಲ್ಲಿ ಅಳುಕು ನಿಂತಿತು. ಮರುದಿನ ತೆಳುವಾದ ಹತ್ತಿ ಬಟ್ಟೆಯನ್ನು ಮೂಗಿನವರೆಗೆ ಕಟ್ಟಿಕೊಂಡು ಪರದೆಯ ಮುಂದೆ ಕುಳಿತಳು. ಶಾಯಿಡಬ್ಬಿ ಕೇಳಲು ಮೇಲೆ ಬಂದ ಮಾಮ ಬಾಗಿಲಲ್ಲೇ ನಿಂತುಬಿಟ್ಟ.

"ಏನಮ್ಮ, ಯಾವ ಬ್ಯಾಂಕಿಗೆ ಕನ್ನ ಹಾಕ್ತಿದ್ದೀಯ? ನನಗೂ ಒಂದು ಪಾಲು ಇರಲಿ."

ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಬೆವೆತು ಮುಖಕ್ಕೆ ಅಂಟಿತು. ಅದನ್ನು ಕಿತ್ತೆಸೆದು, ಬಾಗಿಲ ಕಡೆ ಒಮ್ಮೆ ನೋಡಿ, ತಾನೇ ಬರೆದ ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮಗಳು ಹೇಳಿಕೊಟ್ಟಂತೆ ಪರದೆಯ ನೀಲಿ ಬೆಳಕನ್ನು ತಗ್ಗಿಸಿದಳು. ಪರದೆಗೆಲ್ಲ ಅರಿಸಿನದ ಛಾಯೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹಾಗೆಂದು ಅವಳೇನೂ ಅರಿಯದವಳಲ್ಲ. 'ಪರದೆ ಎಷ್ಟು ಹಳದಿಯಾಗಿದೆ ಅಂತ ನನಗೆ ಗೊತ್ತಿದೆಯಲ್ಲ, ಅಷ್ಟನ್ನು ಕಣ್ಣೇ ಲೆಕ್ಕದಿಂದ ಕಳೆಯುತ್ತದೆ' ಎಂದುಕೊಂಡಳು. ಆ ಕೆಲಸದಲ್ಲಿ ಹೊಸಬರು ಯಾರೂ ಹೀಗೆ ಎಡವುವುದಿಲ್ಲ. ಇಷ್ಟು ಧೈರ್ಯ ಬರಬೇಕಾದರೆ ಇಪ್ಪತ್ತೆರಡು ವರ್ಷದ ಅನುಭವ ಬೇಕು.

ಆ ವಾರ ಗಿರಣಿಯ ಪಟ್ಟಿಗೆ ಹನ್ನೆರಡು ಹೊಸ ಬಣ್ಣಗಳು ಸೇರಬೇಕಿದ್ದವು. ಹಳದಿ ಪರದೆಯ ಮೇಲೆ ಎಲ್ಲವೂ ಬೆಚ್ಚಗೆ ಕಾಣುತ್ತಿದ್ದುದರಿಂದ ಅವಳು ಚೌಕಚೌಕದಲ್ಲೂ ಹಳದಿಯನ್ನು ಕಳೆಯುತ್ತಾ ಹೋದಳು. ಕಣ್ಣು ಎರಡೇ ದಿನದಲ್ಲಿ ಹೊಸ ಬೆಳಕಿಗೆ ಒಗ್ಗಿ, ಲೆಕ್ಕ ಇಡುವುದನ್ನೇ ಮರೆತಿತ್ತು. "ಆಯ್ತು ಮಾಮ" ಎಂದಳು. ಮಾಮ ಓಡಿಸಿದ.

ಹದಿನೈದು ದಿನಕ್ಕೆ ಪಟ್ಟಿಗಳ ಕಟ್ಟು ಗಿರಣಿಯಿಂದ ಹಿಂದಿರುಗಿ ಬಂತು. ಜೊತೆಗೆ ಒಂದು ಪತ್ರ. ಕೆನೆಬಣ್ಣದ ಚೌಕ ನೀಲಿ ಹಾಕಿ ಒಗೆದ ಅಂಗಿಯಂತಿದೆ, ಉಳಿದ ಹನ್ನೊಂದೂ ಅದರ ಒಡಹುಟ್ಟಿದವರಂತಿವೆ ಎಂದು ಅವರು ಬರೆದಿದ್ದರು.

ಅಚ್ಚುಕೂಟದ ಯಜಮಾನರು ಸಾಧು ಮನುಷ್ಯ; ಗದರಲಿಲ್ಲ. ಆದರೆ ಶಾಯಿ ಯಾರ ಕೈಯಲ್ಲಿದೆಯೋ ಅವರನ್ನೇ ಮೊದಲು ಕೇಳುವುದು ವಾಡಿಕೆ. ಮಾಮನನ್ನು ಕರೆಸಿದರು. ಅಕ್ಕನೂ ಅಲ್ಲೇ ನಿಂತಿದ್ದಳು.

"ತಪ್ಪು ನಂದೇ ಇರಬೇಕು ಯಜಮಾನ್ರೇ," ಎಂದ ಮಾಮ, ತಲೆ ತಗ್ಗಿಸಿ. "ಮೊದಲ ಹಾಳೆ ಬಂದಾಗಲೇ ಬಣ್ಣ ಯಾಕೋ ತಣ್ಣಗಿದೆ ಅನ್ನಿಸ್ತು. ಅಕ್ಕ ನೋಡಿ ಕೊಟ್ಟಿದ್ದು ತಪ್ಪಿರಲ್ಲ, ನನ್ನ ಕಣ್ಣಿಗೇ ಮಂಜು ಬಂದಿದೆ ಅಂದ್ಕೊಂಡು ಓಡಿಸಿಬಿಟ್ಟೆ. ಶಾಯೀನೂ ಹಾಗೇ ಕಲೆಸಿದ್ನೋ ಏನೋ. ಮಂಜುಗಣ್ಣನ ಕೈಗೆ ಇನ್ನು ಯಂತ್ರ ಕೊಡಬೇಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕ ಹೆಗಲನ್ನಲ್ಲ, ಕೆನ್ನೆಯನ್ನು ಮುಟ್ಟಿಕೊಂಡಳು. ಮೇಲೆ ಹೋಗಿ ಪರದೆಯನ್ನು ಮೊದಲಿನಂತೆ ಮಾಡಿ ಹನ್ನೆರಡು ಚೌಕಗಳನ್ನು ನೋಡಿದಳು. ನೀಲಿ ಕಣ್ಣಿಗೆ ಹೊಡೆಯಿತು.

ಹೇಳಬೇಕು ಎಂದುಕೊಂಡೇ ಎರಡು ದಿನ ಕಳೆದಳು. ಊಟದ ತಟ್ಟೆಯಲ್ಲಿ ಬೆರಳಾಡಿಸುವುದನ್ನು ಕಂಡು ಅತ್ತೆ ಕೇಳಿದರು: "ಏ ಹುಡುಗಿ, ಯಾರ ಮನೆ ಹಾಳು ಮಾಡಿ ಬಂದಿದ್ದೀಯ? ಗಂಟಲಲ್ಲಿ ಸಿಕ್ಕಿದ್ದನ್ನ ಉಗುಳು, ಇಲ್ಲ ನುಂಗು. ಹೀಗೆ ಇಟ್ಟುಕೊಂಡು ಕೂತರೆ ಅನ್ನ ಹೇಗೆ ಇಳಿಯುತ್ತೆ?"

ಮೂರನೆಯ ದಿನ ಮಧ್ಯಾಹ್ನ ಮಾಮ ರಜೆ ಹಾಕಿ ಕಣ್ಣಿನ ವೈದ್ಯರ ಬಳಿ ಹೋಗಿಬಂದ. ಪರೀಕ್ಷೆಗೆಂದು ಹನಿ ಹಾಕಿದ್ದರಿಂದ ಕಣ್ಣು ಚುರುಗುಟ್ಟುತ್ತಿತ್ತು. ಆದರೂ ಕೆಲಸಕ್ಕೆ ಬಂದು, ಎರಡು ಶಾಯಿಡಬ್ಬಿಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ.

"ಕಣ್ಣು ಚೆನ್ನಾಗಿದೆ ಅಂದ್ರು ವೈದ್ಯರು. ಅವರಿಗೆ ಅಕ್ಷರ ಓದಿಸೋದು ಗೊತ್ತು, ಬಣ್ಣದ ಸಂಗತಿ ಏನು ಗೊತ್ತು? ಸ್ವಲ್ಪ ನೋಡಮ್ಮ, ಇದರಲ್ಲಿ ಯಾವುದು ಕೆಂಪು? ನಲವತ್ತು ವರ್ಷ ಕೆಲಸ ಮಾಡಿ, ಇವತ್ತು ನಿನ್ನ ಕೇಳ್ಬೇಕಾಗಿದೆ."

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಡಬ್ಬಿಗಳನ್ನು ಅವನ ಕೈಯಿಂದ ಇಳಿಸಿ, ಯಜಮಾನರನ್ನೂ ಕೂಗಿ ಕರೆದು, ಇಬ್ಬರ ಮುಂದೆಯೂ ಪರದೆಯನ್ನು ಮತ್ತೆ ಹಳದಿ ಮಾಡಿ ತೋರಿಸಿದಳು. "ನಾನೇ ಮಾಡಿದ್ದು. ಈ ಕೆನ್ನೆಗೆ ಹೆದರಿ. ಶಾಯಿ ಸರಿ ಇತ್ತು, ಮಾಮನ ಕಣ್ಣೂ ಸರಿ ಇತ್ತು."

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಮಾಮ ಪರದೆಯತ್ತ ಬಗ್ಗಿ ನೋಡಿದ.

"ಹಾಳೆ ತಣ್ಣಗಿದೆ ಅಂತ ನನಗೆ ಕಂಡಿದ್ದು ನಿಜಾನಾ?"

"ನಿಜ ಮಾಮ."

"ನೀನು ಪರದೆ ಮುಟ್ಟಿದ್ದು ಇರಲಿ. ಎರಡು ದಿನ ನನ್ನ ಕಣ್ಣನ್ನ ನಾನೇ ಬೈಕೊಂಡು ಓಡಾಡ್ತಿದ್ದೆ. ಅದನ್ನ ನೋಡ್ಕೊಂಡು ಹೇಗೆ ಸುಮ್ಮನಿದ್ದೆ?"

ಉತ್ತರಕ್ಕೆ ಕಾಯದೆ ಇಳಿದುಹೋದ. ಅಂದಿನಿಂದ ಅವಳೊಡನೆ ಮಾತಿಲ್ಲ. ಏನಾದರೂ ಬೇಕಾದರೆ ಯಜಮಾನರಿಗೆ ಹೇಳುವನು: "ಮೇಲಿನವರಿಗೆ ಹೇಳಿ, ಹಾಳೆ ಮುಗಿದಿದೆ ಅಂತ." ಯಜಮಾನರು, ಪಾಪ, ಆಳಿನಂತೆ ಮೆಟ್ಟಿಲು ಹತ್ತಿಳಿದರು.

ಆ ವಾರವೇ ಅತ್ತೆ ಸೊಸೆಯನ್ನು ಚರ್ಮದ ವೈದ್ಯೆಯ ಬಳಿಗೆ ಎಳೆದುಕೊಂಡು ಹೋದರು. "ಇವಳದು ದಿನಾ ಪರದೆ ನೋಡೋ ಕೆಲಸ ಡಾಕ್ಟ್ರಮ್ಮ. ಆ ನೀಲಿ ಬೆಳಕಿಗೆ ಒಂದು ಗತಿ ಕಾಣಿಸಿ."

ವೈದ್ಯೆ ಅಕ್ಕನ ಮುಖವನ್ನು ಅತ್ತಿತ್ತ ತಿರುಗಿಸಿದರು. "ಪರದೆ ಎದುರಿಗಿದ್ರೆ ಎರಡೂ ಕೆನ್ನೆ ಒಂದೇ ಥರ ಇರ್ಬೇಕಿತ್ತಲ್ಲ. ನಿಮ್ಮ ಎಡಕ್ಕೆ ಏನಿದೆ?"

"ಕಿಟಕಿ."

"ಹಾಗನ್ನಿ. ಹಗಲ ಬೆಳಕಲ್ಲೂ ನೀಲಿ ಇರುತ್ತೆ, ಅದರ ಮುಂದೆ ಪರದೆಯ ನೀಲಿ ಕೆರೆಯ ಮುಂದೆ ಸೌಟು ನೀರು. ಗಾಜು ಅದನ್ನ ತಡೆಯಲ್ಲ. ಇಷ್ಟು ವರ್ಷ ಕಿಟಕಿಗೆ ಕೆನ್ನೆ ಕೊಟ್ಟು ಕೂತಿದ್ದೀರಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಲು," ಎಂದರು ಅತ್ತೆ.

ವೈದ್ಯೆ ಬರೆದುಕೊಟ್ಟದ್ದು ಮೈಬಣ್ಣದ ಮುಲಾಮು. ಬಿಳಿಯದು ಬಿಸಿಲಿಗೆ ಸಾಕಾದರೂ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡಿನ ಬಣ್ಣ ಬೆರೆತದ್ದೇ ಬೇಕು ಎಂದರು. ಧಾರಾಳವಾಗಿ ಹಚ್ಚಬೇಕು, ಮಧ್ಯಾಹ್ನ ಮತ್ತೊಮ್ಮೆ ಹಚ್ಚಬೇಕು, ದಾರ ನೋಡದ ಹೊತ್ತಿನಲ್ಲಿ ಕಿಟಕಿಗೆ ಬಟ್ಟೆಯ ಪರದೆ ಎಳೆಯಬೇಕು. ಬಂಗು ತಿಳಿಯಾಗಲು ತಿಂಗಳುಗಳೇ ಹಿಡಿದೀತು, ಪೂರ್ತಿ ಹೋಗದೆಯೂ ಇರಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಔಷಧಿ ಅಂಗಡಿಯಲ್ಲಿ ಆ ಮುಲಾಮು ಮೂರು ಬಣ್ಣಗಳಲ್ಲಿತ್ತು. ಅಕ್ಕ ಮೂರನ್ನೂ ಮುಂಗೈಗೆ ಸವರಿಕೊಂಡು ರಸ್ತೆಗಿಳಿದಳು, ಮತ್ತೆ ನೆರಳಿಗೆ ಬಂದಳು, ಮತ್ತೆ ಇಳಿದಳು. "ಒಂದು ಕೆಂಪಾಯ್ತು, ಒಂದು ಬೂದಿಯಾಯ್ತು, ಇದು ಹತ್ತಿರ ಬಂತು, ಆದ್ರೂ ಹಳದಿ ಸಾಲದು."

"ಅಕ್ಕ, ಇದು ಮುಖಕ್ಕೆ ಹಚ್ಚೋದು, ಗೋಡೆಗಲ್ಲ," ಎಂದು ಅಂಗಡಿಯವನು ಕೈಮುಗಿದ. ಕೊನೆಗೆ ಎರಡು ಬಗೆಯದನ್ನು ಕೊಂಡು ತಂದಳು. ಬೆಳಿಗ್ಗೆ ಬಚ್ಚಲುಮನೆಯ ದೀಪದಡಿ ಎರಡನ್ನೂ ಅಂಗೈಯಲ್ಲಿ ಕಲೆಸಿ, ಮುಖಕ್ಕೆ ಹಚ್ಚಿಕೊಂಡು ಕೆಲಸಕ್ಕೆ ಹೊರಟಳು.

ಅಂದು ಹನ್ನೆರಡು ಚೌಕಗಳ ಮರುಮುದ್ರಣ. ತಿದ್ದಿದ ಚೌಕಗಳನ್ನು ಕೆಳಗೆ ಕಳಿಸಿ, ಹಿಂದೆಯೇ ತಾನೂ ದಾರದ ಉಂಡೆಗಳ ಬುಟ್ಟಿಯನ್ನು ಹೊತ್ತು ಇಳಿದು ಯಂತ್ರದ ಪಕ್ಕ ನಿಂತಳು.

"ಮಾಮ, ಮೊದಲ ಹಾಳೆ ನೀನು ನೋಡು. ನೀನು ಆಯ್ತು ಅನ್ನೋವರೆಗೆ ನಾನು ಬಾಯಿ ಬಿಡಲ್ಲ."

ಮಾಮ ಯಂತ್ರವನ್ನು ಒಂದೇ ಹಾಳೆಗೆ ಓಡಿಸಿ ನಿಲ್ಲಿಸಿದ. ಹಸಿ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲ ಬೆಳಕಿಗೆ ನಡೆದ. ಬುಟ್ಟಿಯಿಂದ ಒಂದೊಂದೇ ಉಂಡೆ ತೆಗೆದು ಚೌಕದ ಪಕ್ಕ ಹಿಡಿಯುತ್ತಾ ಹೋದ. ಕೆನೆಬಣ್ಣದ ಬಳಿ ಕೈ ನಿಂತಿತು. ಅವನು ಹಾಳೆಯನ್ನು ನೋಡಿದ, ದಾರವನ್ನು ನೋಡಿದ, ಆಮೇಲೆ ತಲೆಯೆತ್ತಿ ಅವಳ ಮುಖವನ್ನೇ ದಿಟ್ಟಿಸಿದ.

"ಏನು ಮಾಮ, ತಪ್ಪಿದೆಯಾ?"

"ದಾರದ್ದು ಸರಿ ಇದೆ," ಎಂದ ಮಾಮ, ಆರು ದಿನದ ಮೇಲೆ ಬಾಯಿ ಬಿಟ್ಟು. "ನಿನ್ನ ಮುಖದ್ದೇ ತಪ್ಪಿರೋದು. ಕೆಂಪು ಎಳ್ಳಷ್ಟು ಜಾಸ್ತಿ ಆಗಿದೆ."

"ಇಲ್ಲ ಮಾಮ. ಬೆಳಿಗ್ಗೆ ಎರಡು ಟ್ಯೂಬಿನ ಮುಲಾಮನ್ನ ಎರಡು ಸಲ ನೋಡಿ ಕಲೆಸಿದ್ದೀನಿ."

"ಯಾವ ಬೆಳಕಲ್ಲಿ?"

ಅಕ್ಕ ಚೀಲದಿಂದ ಕನ್ನಡಿ ತೆಗೆದು ಬಾಗಿಲಿಗೆ ಬಂದು ನೋಡಿಕೊಂಡಳು. ಕುತ್ತಿಗೆಗೂ ಕೆನ್ನೆಗೂ ನಡುವೆ ಎಳ್ಳಷ್ಟೇ ಕೆಂಪು, ನಿಜವೇ. ಬೇರೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

"ಮಾಮ," ಎಂದಳು, ಕನ್ನಡಿ ಇಳಿಸಿ, "ಕಣ್ಣಿಗೆ ಮಂಜು ಬಂದಿದೆ ಅಂದೋರು ಯಾರು?"

"ನಾನೇ ಅಂದಿದ್ದು, ನಾನೇ ವಾಪಸ್ ತಗೊಂಡೆ." ಮಾಮ ಯಂತ್ರದ ಕಡೆ ತಿರುಗಿ ಗುಂಡಿ ಒತ್ತಿದ. ಸದ್ದಿನ ಮೇಲೆ ಕೂಗಿದ: "ನಾಳೆಯಿಂದ ಆ ಎರಡು ಟ್ಯೂಬೂ ಇಲ್ಲಿಗೇ ತಾ. ನಾನು ಕಲೆಸಿಕೊಡ್ತೀನಿ. ನಿನ್ನ ಕೈಗೆ ಬಿಟ್ರೆ ಆಗಲ್ಲ!"